ವಿಲಂಬಿತದಲ್ಲಿ ಮಗಳು

ನಾನು ನಿಧಾನಸ್ಥ. ಊಟ, ನಡಿಗೆ, ಸಿಟ್ಟು ಎಲ್ಲವೂ ನಿಧಾನ. ತಾನು ಸಂತೆಗೆ ಹೋಗಿ ಬಂದರೂ ನಾನಿನ್ನೂ ಚಪ್ಪಲಿ ಹುಡುಕುತ್ತಿರುತ್ತೇನೆಂದು ಹೆಂಡತಿ ಶಾಂತಾ ಬಂಧುಬಳಗಕ್ಕೆಲ್ಲ ಹೇಳಿದ್ದಾಳೆ. ಸುಳ್ಳೇನಲ್ಲ. ಆದರೆ ಮಿರಜಿನಲ್ಲಿ ಬಾಳಿದವನಿಗೆ ಇದೂ ಒಂದು ದೋಷವೇ? ನಮ್ಮ ಮನೆ ಇರುವುದು ಸಿತಾರ್ ಮಾಡುವವರ ಓಣಿಯ ಪಕ್ಕ. ಅಲ್ಲಿ ಸೋರೆಬುರುಡೆ ಚೆನ್ನಾಗಿ ಒಣಗುವವರೆಗೆ ಯಾರೂ ಅದರ ಮೈ ಮುಟ್ಟುವುದಿಲ್ಲ. ಸಂಗೀತದ ಬೈಠಕ್ಕಿನಲ್ಲಿ ಗವಾಯಿಗಳು ವಿಲಂಬಿತದ ನಿಧಾನ ಲಯದಲ್ಲಿ ಒಂದು ಸ್ವರದ ಮೇಲೆ ಕೂತರೆಂದರೆ ನಾವು ಎದ್ದು ಹೋಗಿ ಚಹಾ ಕುಡಿದು ಬರಬಹುದು. ಬಂದಾಗಲೂ ಅವರು ಅಲ್ಲೇ ಕೂತಿರುತ್ತಾರೆ.

ಮಗಳು ಮುಕ್ತಾ ಹಾಗಲ್ಲ. ಚಿಕ್ಕಂದಿನಲ್ಲಿ ಸಂಗೀತಕ್ಕೆ ಕೂರಿಸಿದರೆ ಆಲಾಪವನ್ನು ಅರ್ಧಕ್ಕೇ ಬಿಟ್ಟು ಬಿರುಸಿನ ತಾನಗಳಿಗೆ ಹಾರುತ್ತಿದ್ದಳು. “ಸಾವಕಾಶ ಹಾಡವ್ವಾ, ಗಾಡಿ ಏನ್ ತಪ್ಪೂದಿಲ್ಲ” ಎಂದು ನಾನು ಹೇಳಿದರೆ ಅವಳ ಉತ್ತರ ಮರಾಠಿಯಲ್ಲಿ ಬರುತ್ತಿತ್ತು. ಕನ್ನಡ ಮಾಸ್ತರನ ಮಗಳು ಕನ್ನಡ ಕೇಳಿಸಿಕೊಂಡು ಮರಾಠಿ ಆಡುವುದು ನಮ್ಮ ಕಡೆ ಹೊಸದೇನಲ್ಲ. ಮುಂದೆ ಪುಣೆಗೆ ಹೋದಳು, ಗೆಳೆಯ ಗೆಳತಿಯರ ಜೊತೆ ಒಂದು ಬ್ಯಾಂಡ್ ಕಟ್ಟಿದಳು. ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ ತಾವೇ ಹಾಡಿ, ತಾವೇ ಹೊರತರುವ ಈ ರಾಕ್ ಸಂಗೀತಕ್ಕೆ ಇಂಡೀ ರಾಕ್ ಎಂದು ಹೆಸರಂತೆ. ಈ ವರ್ಷ ಅವರ ಮೊದಲ ಆಲ್ಬಂ ಬಂತು.

ಅದು ಸಿಕ್ಕಿದ್ದು ನಮ್ಮೂರಲ್ಲೇ, ಇಕ್ಬಾಲನ ರೆಕಾರ್ಡ್ ಅಂಗಡಿಯಲ್ಲಿ. ತಂಬೂರಿ ಮಾಡುವವರ ಮನೆಯ ಹುಡುಗ ಕರಿ ತಟ್ಟೆ ಮಾರಲು ಕೂತಾಗ ನಾವೆಲ್ಲ ನಕ್ಕಿದ್ದೆವು. ಈಗ ಭಾನುವಾರ ಸಾಂಗ್ಲಿ, ಕೊಲ್ಹಾಪುರದ ತರುಣರು ಬಂದು ಬಾಗಿಲಲ್ಲೇ ನಿಂತಿರುತ್ತಾರೆ. ಚೆನ್ನಾಗಿ ಓಡುವ ಹೊಸ ಆಲ್ಬಂಗಳನ್ನು ಅವನು ಎದುರು ಗೋಡೆಗೆ ಒರಗಿಸಿಡುತ್ತಾನೆ. ಅವುಗಳ ನಡುವೆ ಮುಕ್ತಾಳದೂ ಇತ್ತು. “ಭಾಳ ಜೋರ್ ನಡದೈತ್ರಿ ಸರ್ ಇದು” ಎಂದು ಇಕ್ಬಾಲ ಕಟ್ಟಿಕೊಟ್ಟ.

ಮನೆಗೆ ಬಂದು ಅಪ್ಪನ ಕಾಲದ ಪ್ಲೇಯರಿನ ಧೂಳು ಒರೆಸಿ ಮುಳ್ಳು ಇಟ್ಟೆ. ಡ್ರಮ್ಮು ಯಾರೋ ಗಾದಿ ಬಡಿದಂತೆ ಕೇಳಿಸಿತು. ಗಿಟಾರು ಆಕಳಿಸಿತು. ಆಮೇಲೆ ದಪ್ಪನೆಯ, ಭಾರವಾದ ಒಂದು ದನಿ ತೆವಳಿಕೊಂಡು ಬಂತು. “ಇದ್ಯಾರ್ರೀ ಗಂಡಸು?” ಎಂದಳು ಶಾಂತಾ. ಆ ಬ್ಯಾಂಡಿನಲ್ಲಿ ಹಾಡುವವಳು ಮುಕ್ತಾ ಒಬ್ಬಳೇ. ಮಾತು ಒಂದೂ ತಿಳಿಯಲಿಲ್ಲ. ಖಯಾಲಿನಲ್ಲಿ ಮಾತ್ರ ಯಾವಾಗ ತಿಳಿದಿತ್ತು ಎಂದು ಅದನ್ನು ಬಿಟ್ಟೆ. ಲಯವಂತೂ ಬಹಳ ಹಿಡಿಸಿತು. ಕೊನೆಗೂ ಮಗಳು ಸಾವಕಾಶ ಕಲಿತಳಲ್ಲ ಎನಿಸಿತು. ಆದರೆ ಆ ದನಿ! ನನ್ನ ಮಗಳ ಕಂಠಕ್ಕೆ ಏನಾಗಿದೆ?

ಫೋನ್ ಮಾಡಿದರೆ ಕೆಮ್ಮುತ್ತಲೇ ಎತ್ತಿದಳು. “ಥೋಡೀ ಸರ್ದೀ ಝಾಲೀಯ, ಬಾಬಾ.” ಸ್ವಲ್ಪ ನೆಗಡಿಯಂತೆ! ರೆಕಾರ್ಡ್ ಮಾಡಿದ್ದು ಬೇಸಿಗೆಯಲ್ಲಿ, ಈಗ ದೀಪಾವಳಿ ಕಳೆದಿದೆ. ಅಂದರೆ ಬೇಸಿಗೆಯಿಂದಲೂ ನೆಗಡಿ ಎಂದು ನಾನು ಲೆಕ್ಕ ಹಾಕಿದೆ. ಶಾಂತಾ ಸಾಂಗ್ಲಿಯ ಒಳ್ಳೆಯ ಅರಿಸಿನ ತರಿಸಿ ಪುಣೆಯ ಬಸ್ಸಿಗೆ ಹಾಕಿ ಕಳಿಸಿದಳು. ನನಗೆ ಅನ್ನ ಸೇರಲಿಲ್ಲ. ಹಾಡುವವಳ ಗಂಟಲೇ ಹೋದರೆ ಉಳಿಯುವುದೇನು? ಅವಳನ್ನೇ ಕೇಳೋಣವೆಂದರೆ ಹೆದರಿಕೆ.

ಭಾನುವಾರ ಇಕ್ಬಾಲನ ಬಳಿ ಹೋದೆ. ಅವನು ಆಗಾಗ ಪುಣೆಗೆ ಹೋಗಿ ಇವರ ಕಾರ್ಯಕ್ರಮ ಕೇಳುವವನು, ನಿಜ ಹೇಳಿಯಾನು ಎಂದುಕೊಂಡೆ. ಮೆಟ್ಟಿಲು ಹತ್ತುವಾಗ ಒಳಗಿನಿಂದ ಒಂದು ಹೆಣ್ಣುದನಿ ತಿಳಿಯಾಗಿ, ಚುರುಕಾಗಿ ಹರಿದು ಬಂತು. ನನಗೆ ಹೊಟ್ಟೆಕಿಚ್ಚೇ ಆಯಿತು.

“ಎಂಥಾ ದನಿಯೋ ಇದು! ಯಾರ ಮಗಳಪಾ? ನಮ್ಮ ಮುಕ್ತಾಂದೂ ಮೊದಲ ಹಿಂಗ ಇತ್ತು.”

ಇಕ್ಬಾಲ ನನ್ನ ಮುಖವನ್ನೇ ನೋಡಿದ. “ಸರ್, ಇದು ಮುಕ್ತಾನ ರೆಕಾರ್ಡ್ ಅಲ್ಲೇನ್ರಿ? ಮನ್ಯಾಗ ಯಾವ ಸ್ಪೀಡಿಗೆ ಹಚ್ಚೀರಿ?”

ಅಪ್ಪನ ದೊಡ್ಡ ತಟ್ಟೆಗಳೆಲ್ಲ ನಿಮಿಷಕ್ಕೆ ಮೂವತ್ತಮೂರು ಸುತ್ತು ಸುತ್ತುವಂಥವು. ಮುಕ್ತಾಳದು ನಲವತ್ತೈದು ಸುತ್ತಿನದು. ಪ್ಲೇಯರಿನ ಗುಂಡಿಯನ್ನು ತಿರುಗಿಸಬೇಕಿತ್ತು, ಅಷ್ಟೇ. ಬೇರೆ ಊರಿನವನಾಗಿದ್ದರೆ ಹಾಡು ಕುಂಟುತ್ತಿದೆಯೆಂದು ಮೊದಲ ಸಾಲಿಗೇ ಏಳುತ್ತಿದ್ದ. ಮಿರಜಿನವನು ನಾನು, ತಲೆದೂಗಿದೆ. ಸ್ಟೂಲಿನ ಮೇಲೆ ಕೂತೆ. ನಗುತ್ತಿದ್ದೆ, ಕಣ್ಣು ಮಾತ್ರ ಒದ್ದೆ. ಎದೆಯ ಮೇಲಿನ ಚೀಲ ಯಾರೋ ಇಳಿಸಿದಂತಾಯಿತು. ಆಗ ಮಾತೂ ಕಿವಿಗೆ ಬಿತ್ತು. ನಮ್ಮ ಹಳ್ಳಿ ಲಿಂಗನೂರಿನಲ್ಲಿ ನನ್ನವ್ವ ಸಂಜೆ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಿದ್ದಳು, ಅದರ ಮೇಲೊಂದು ಹಾಡು. ಪೂರಾ ಕನ್ನಡ.

ಅಲ್ಲಿಂದಲೇ ಮನೆಗೆ ಫೋನ್ ಹಚ್ಚಿದೆ. “ಮುಕ್ತಾನ ಗಂಟಲಿಗೆ ಏನೂ ಆಗಿಲ್ಲ. ನಮ್ಮ ಮಷೀನೇ ನಿಧಾನ ಓಡಾಕ್ಹತ್ತಿತ್ತು.”

“ಮಷೀನ್ ಯಾರ ಮನ್ಯಾಗ ಐತಿ, ಅದೇನ್ ಮಾಡೀತ್ರಿ?” ಎಂದಳು ಶಾಂತಾ. ಅವಳ ದನಿಯೂ ಹಗುರಾಗಿತ್ತು.

ಈಗ ನಲವತ್ತೈದಕ್ಕೇ ಹಚ್ಚುತ್ತೇವೆ. ಆದರೆ ಮುಕ್ತಾ ಮನೆಗೆ ಬಂದು, ಎರಡು ದಿನ ಇದ್ದು, ಪುಣೆಯ ಬಸ್ಸು ಹತ್ತಿದ ಸಂಜೆ ಮಾತ್ರ ನಾನು ಗುಂಡಿಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸುತ್ತೇನೆ. ದನಿ ದಪ್ಪಗಾಗುತ್ತದೆ, ಆಗಲಿ; ಗಂಟಲು ನೆಟ್ಟಗಿದೆಯೆಂದು ಗೊತ್ತಿದೆಯಲ್ಲ. ಆ ಸ್ಪೀಡಿನಲ್ಲಿ ಮಗಳು ಮನೆಯಲ್ಲಿ ಇನ್ನೊಂದಿಷ್ಟು ಹೊತ್ತು ಇರುತ್ತಾಳೆ.