ಶ್ರಾವಣಕ್ಕೆ ಬಂದ ಮೂರು ಸ್ಕ್ರೀನಿನ ಕಂಪ್ಯೂಟರು

ತಪ್ಪು ಆಷಾಢದ್ದಲ್ಲ, ಡಾಕ್ಟರದ್ದೂ ಅಲ್ಲ. ನನ್ನ ಮೊಮ್ಮಗಳು ತಾನೇ ಆರಿಸಿ ತರಿಸಿದ ಕಂಪ್ಯೂಟರಲ್ಲಿ ಒಂದು ದಿನವೂ ಲಾರಿ ಓಡಿಸೋಕೆ ಆಗಲಿಲ್ಲ, ಅದು ನನ್ನಿಂದ. ಮನೆಯಲ್ಲಿ ಯಾರೂ ಹಾಗೆ ಹೇಳಲ್ಲ. ಹೇಳದಿದ್ದರೂ ವಿಷಯ ಅದೇ.

ಅವಳಿಗೆ ಇಪ್ಪತ್ತಮೂರು. ಚಿಕ್ಕಂದಿನಿಂದ ಮಾಂಸಖಂಡ ಸೋಲುವ ಕಾಯಿಲೆ. ಮೊದಲು ಕಾಲು ಹೋಯ್ತು, ಆಮೇಲೆ ಕತ್ತು ತಿರುಗೋದು ನಿಂತಿತು. ಕೈ ಮಾತ್ರ ಇತ್ತು. ಗಾಲಿ ಕುರ್ಚಿಯಲ್ಲಿ ಕೂತು ಮದುವೆ ಫೋಟೋ ತಿದ್ದುವ ಕೆಲಸ ಮಾಡ್ತಿದ್ದಳು, ಕೆಲಸ ಮುಗಿದರೆ ಹಳೇ ಕಂಪ್ಯೂಟರಲ್ಲಿ ಲಾರಿ ಓಡಿಸೋ ಆಟ. ನಾನು ಓದಿದ್ದು ನಾಲ್ಕನೇ ಕ್ಲಾಸು, ನನಗೆ ಅದೆಲ್ಲ ಟಿವಿಯ ತರ. ತನ್ನ ದುಡಿಮೆಯ ದುಡ್ಡಲ್ಲಿ ಮೂರು ಸ್ಕ್ರೀನು ಹಾಕಿಸ್ತೀನಿ ಅಂದಾಗ ನಾನು ಕೇಳಿದೆ, "ಒಂದು ಸಾಲದೇನೇ? ಅಂಗಡಿ ಇಡ್ತೀಯಾ?"

"ಲಾರಿ ಓಡಿಸುವಾಗ ಪಕ್ಕದ ಕನ್ನಡಿ ನೋಡ್ಬೇಕಲ್ಲ ಅಜ್ಜಿ. ನನ್ನ ಕತ್ತು ತಿರುಗಲ್ಲ. ಎರಡು ಪಕ್ಕಕ್ಕೂ ಸ್ಕ್ರೀನ್ ಇದ್ರೆ ಕಣ್ಣು ತಿರುಗಿಸಿದ್ರೆ ಸಾಕು."

ಹಾಗಾದರೆ ಮೂರೇ ಹಾಕಿಸು ಅಂದೆ.

ಯುಗಾದಿಯಿಂದ ಮೂರು ತಿಂಗಳು ಆರಿಸಿದಳು. ಹೆಣ್ಣು ನೋಡೋಕೆ ಹೋದವರೂ ಅಷ್ಟು ಕೊಂಕು ತೆಗೆಯಲ್ಲ. ಮೂರು ಸ್ಕ್ರೀನಿಗೂ ಚಿತ್ರ ಕಳಿಸೋಕೆ ಗ್ರಾಫಿಕ್ಸ್ ಕಾರ್ಡ್ ಅಂತ ಒಂದು, ಅದೇ ಎಲ್ಲಕ್ಕಿಂತ ದುಬಾರಿ. ಅದಕ್ಕೆ ಹೊಂದುವಷ್ಟು ಕರೆಂಟು ಕೊಡೋ ಡಬ್ಬಿ ಇನ್ನೊಂದು. ಅಲ್ಲಿ ಜಿಪುಣತನ ಮಾಡಿದರೆ ಎಲ್ಲ ಸುಟ್ಟು ಹೋಗುತ್ತಂತೆ. ಸ್ಟೀರಿಂಗು ಮಾತ್ರ ಎಂಟು ಸಲ ಬದಲಾಯಿಸಿದಳು. ಕಾಲಲ್ಲಿ ಒತ್ತೋದು ಬೇಡ, ಬ್ರೇಕು ಎಕ್ಸಲರೇಟರು ಎರಡೂ ಬೆರಳಿಗೇ ಸಿಗಬೇಕು, ಅದೂ ಮೆತ್ತಗಿರಬೇಕು.

ಒಂದು ದಿನ ಅವಳ ಕುರ್ಚಿ ತಳ್ಳಿಕೊಂಡು ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ ರಾಜಾಜಿನಗರದ ಅಂಗಡಿಗೂ ಹೋಗಿ ಬಂದೆವು. ಬಿಸಿ ಇಳಿಸೋಕೆ ಒಳಗೆ ಕೂರಿಸುವ ಕೂಲರು ಎರಡು ತರದ್ದು ತೋರಿಸಿದ ಅಂಗಡಿಯವನು. ನಾನು ಎರಡನ್ನೂ ಕೈಯಲ್ಲಿ ಹಿಡಿದು ತೂಗಿದೆ.

"ಆಂಟಿ, ಅದು ಪಾತ್ರೆ ಅಲ್ಲ," ಅಂದ.

"ತಾಮ್ರ ಹಾಕಿದೀರಲ್ಲಪ್ಪ, ಎಷ್ಟು ಕದ್ದಿದೀರ ನೋಡ್ತಿದೀನಿ. ಇದು ಹಗುರ."

ಮೊಮ್ಮಗಳು ನಕ್ಕು, "ಅಜ್ಜಿ ಹೇಳಿದ್ದೇ ಸರಿ, ಭಾರದ್ದೇ ಕೊಡಿ," ಅಂದಳು.

ಎಲ್ಲ ತೀರ್ಮಾನ ಆಯ್ತು, ಮಂಗಳವಾರ ತಂದು ಜೋಡಿಸ್ತೀನಿ ಅಂದ ಅವನು. ಕ್ಯಾಲೆಂಡರ್ ನೋಡಿದರೆ ಆಷಾಢ ಶುರುವಾಗಿತ್ತು. ನಾನು ಬೇಡ ಅಂದೆ. ಹೊಸ ಸಾಮಾನು ಆಷಾಢದಲ್ಲಿ ಹೊಸಿಲು ದಾಟಬಾರದು.

"ಆಷಾಢದಲ್ಲೇ ಆಂಟಿ ಡಿಸ್ಕೌಂಟು!"

"ನಿನ್ನ ಡಿಸ್ಕೌಂಟು ನೀನೇ ಇಟ್ಕೊ."

ಮೊಮ್ಮಗಳು ಹೇಳಿದಳು, "ನಾವು ಲಿಂಗ ಕಟ್ಟಿದವರು, ನಮಗೆ ಆಷಾಢ ಮುಹೂರ್ತ ಏನೂ ಇಲ್ಲ ಅಂತ ಮಠದ ಸ್ವಾಮಿಗಳೇ ಹೇಳ್ತಾರಲ್ಲ ಅಜ್ಜಿ."

"ಸ್ವಾಮಿಗಳಿಗೇನು, ಮಕ್ಕಳೇ ಮರಿಯೇ? ಒಂದು ತಿಂಗಳು ತಾನೆ. ಏನು ಓಡಿ ಹೋಗುತ್ತಾ?"

ಅವಳು ತೊಡೆ ಮೇಲಿದ್ದ ಕೈ ನೋಡಿಕೊಂಡಳು. ನಾನು ಮುನಿಸು ಅಂದುಕೊಂಡೆ. ಅವಳು ಹೇಳಿದ್ದು ನಿಜ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಬೀದಿಯವರು ಮಾಡ್ತಾರೆ ಅಂತ ನಾವೂ ಕಲಿತದ್ದು. ಹಾಗಂತ ನನಗೆ ಆಗಲೂ ಗೊತ್ತಿತ್ತು. ಮಗ ಸೊಸೆ ನನ್ನ ಮಾತು ತೆಗೆದುಹಾಕಲಿಲ್ಲ.

ಶ್ರಾವಣದ ಮೊದಲನೇ ಸೋಮವಾರ ಅಂಗಡಿಯವನು ಬಂದು ಮಧ್ಯಾಹ್ನದವರೆಗೆ ಕೂತು ಜೋಡಿಸಿದ. ನಾನು ಪೆಟ್ಟಿಗೆಗೆ ವಿಭೂತಿ ಹಚ್ಚಿದೆ. ಸ್ವಿಚ್ಚು ಹಾಕಿದಾಗ ಮೂರೂ ಸ್ಕ್ರೀನು ಸೇರಿ ಒಂದೇ ರಸ್ತೆ ಆಯ್ತು. ಗೋಡೆಯೇ ಹೋಗಿ ಬಯಲು ಬಂದ ಹಾಗೆ. ಅವಳ ಎರಡೂ ಕೈಯನ್ನು ಸೊಸೆ ಎತ್ತಿ ಸ್ಟೀರಿಂಗ್ ಮೇಲೆ ಇಟ್ಟಳು.

ಲಾರಿ ನಿಂತೇ ಇತ್ತು.

"ಮೇಡಂ, ಸ್ವಲ್ಪ ಜೋರಾಗಿ ಒತ್ತಿ," ಅಂದ ಅವನು.

"ಒತ್ತಿದೀನಿ."

ನಾನು ಪಕ್ಕದಲ್ಲೇ ಇದ್ದೆ. ಬೆರಳು ಅಲ್ಲಾಡಲಿಲ್ಲ. ಆಟದಲ್ಲಿ ಹಿಂದಿನ ಗಾಡಿಗಳು ಹಾರನ್ ಹೊಡೀತಾ ಇದ್ದವು. ಅಂಗಡಿಯವನು ವೈರು ಬಿಚ್ಚಿ ಮತ್ತೆ ಸಿಕ್ಕಿಸಿದ, ತನ್ನ ಬೆರಳಲ್ಲಿ ಒತ್ತಿದ. ಲಾರಿ ಹೊರಟಿತು. ಅವನಿಗೂ ಅರ್ಥವಾಯ್ತು. ಕಾಫಿ ಕುಡಿಯದೆ ಹೋದ. ಸೊಸೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು.

"ಯಾವಾಗಿಂದ ಕಣೇ?" ಅಂದೆ.

"ನೀನು ಶ್ರಾವಣ ಬರಲಿ ಅಂದೆಯಲ್ಲ, ಅದಾಗಿ ಎರಡು ವಾರಕ್ಕೆ."

"ಹೇಳೋದಲ್ವಾ?"

"ಹೇಳಿದ್ರೆ ಬೇಡ ಅಂತ ನಿಲ್ಲಿಸ್ಬಿಡ್ತಿದ್ರಿ. ಸ್ಟೀರಿಂಗ್ ಮೆತ್ತಗಿರುತ್ತೆ, ಹೇಗೋ ಆಗುತ್ತೆ ಅಂದ್ಕೊಂಡಿದ್ದೆ."

ಫೋಟೋ ಕೆಲಸವನ್ನೂ ಆಗಲೇ ಬಿಟ್ಟಿದ್ದಳು. ಸೀಸನ್ ಇಲ್ಲ ಅಂತ ನಮಗೆ ಹೇಳಿದ್ದಳು, ಆಷಾಢದಲ್ಲಿ ಮದುವೆ ಎಲ್ಲಿ ಅಂತ ನಾವೂ ನಂಬಿದ್ದೆವು. ತಟ್ಟೆಯಲ್ಲಿ ಅರ್ಧ ಬಿಡ್ತಿದ್ದಳು, ಆಟದ ಯೋಚನೇಲಿ ಅನ್ನ ಬೇಡವಾಯ್ತಾ ಅಂತ ನಾನು ಬೈತಿದ್ದೆ. ಚಮಚ ಹಿಡಿಯೋಕೆ ಆಗದೆ ಬಿಡ್ತಿದ್ದಳು.

"ನೀನೇ ಓಡಿಸು ಅಜ್ಜಿ. ನಾನು ನೋಡ್ತೀನಿ."

ಕೂತೆ. ಒತ್ತಿದೆ. ಲಾರಿ ರಸ್ತೆ ಬಿಟ್ಟು ಯಾರದೋ ಹೊಲಕ್ಕೆ ನುಗ್ಗಿ ಮಗುಚಿಕೊಂಡಿತು. "ಯಾರು ನಿಂಗೆ ಲೈಸೆನ್ಸ್ ಕೊಟ್ಟಿದ್ದು?" ಅಂತ ಜೋರಾಗಿ ನಕ್ಕಳು. ಅತ್ತಿದ್ದರೆ ತಡೆದುಕೊಳ್ತಿದ್ದೆ.

ಒಂದು ತಿಂಗಳು ಮೊದಲೇ ತಂದಿದ್ದರೆ ಎರಡು ವಾರ ಓಡಿಸ್ತಿದ್ದಳು. ಎರಡೇ ವಾರ, ಅಷ್ಟೆ. ಆದರೆ ಅವು ಅವಳವು.

ಮಾರನೇ ದಿನ ಬೆಳಿಗ್ಗೆ ಉಪ್ಪಿಟ್ಟು ಮಾಡಿದೆ. ತಟ್ಟೆಯನ್ನ ಅವಳ ಮುಂದೆ ಇಡಲಿಲ್ಲ. ಸ್ಟೂಲು ಎಳೆದುಕೊಂಡು ಎದುರಿಗೆ ಕೂತು, ಊದಿ ಆರಿಸಿ, ಒಂದು ತುತ್ತು ಎತ್ತಿ ಹಿಡಿದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಬಾಯಿ ತೆಗೆದಳು.