ವರ್ಲೀನಳ ನಾಲ್ಕು ಸೆಕೆಂಡು

ಮೆಂಫಿಸ್ಸಿನ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಮನೆಯಲ್ಲಿ ವರ್ಲೀನ್ ಟಾಲಿವರ್ ಇಪ್ಪತ್ತೆರಡು ವರ್ಷ ಇಸ್ತ್ರಿ ಹಾಕಿದಳು. ‘ನಿನ್ನ ತಟ್ಟೆ ಇನ್ನೂ ಮೇಜಿನ ಮೇಲಿದೆ’ ಹಾಡನ್ನು ಅವಳು ಕಟ್ಟಿದ್ದು ಅಲ್ಲಿಯೇ, ಉಗಿಯ ಇಸ್ತ್ರಿ ಯಂತ್ರದ ಮುಂದೆ ನಿಂತು. ಕೆಲಸ ಹುಡುಕಿ ಉತ್ತರಕ್ಕೆ ಹೋದ ಗಂಡನಿಗಾಗಿ ಹೆಂಡತಿ ಕಾಯುವ ಹಾಡು ಅದು.

ಪ್ರೇಮದ ಹಾಡಿಗೆ ಪೀಠದ ಮುಂದೆ ಜಾಗವಿಲ್ಲ ಎಂದು ನಾನೂ ಅವಳೂ ಹೋಗುತ್ತಿದ್ದ ಚರ್ಚಿನ ಪಾಸ್ಟರ್ ಹೇಳಿದ್ದರು. ಹಾಗಾಗಿ ಅವಳು ಅದನ್ನು ಚರ್ಚಿನ ಕೆಳಗಿನ ಊಟದ ಕೋಣೆಯಲ್ಲಿ, ಶನಿವಾರ ಮಧ್ಯಾಹ್ನ ಮೀನು ಕರಿಯುವಾಗ ಹಾಡುತ್ತಿದ್ದಳು. ‘ನೀನು ಬರುವೆಯಾ?’ ಎಂಬಲ್ಲಿಗೆ ಬಂದಾಗ ನಾಲ್ಕು ಸೆಕೆಂಡು ನಿಂತುಬಿಡುತ್ತಿದ್ದಳು. ಹಾಡುವವರು ನಿಂತರೆ ಕೇಳುವವರ ಸರದಿ. ಬೆಂಚುಗಳಿಂದ ಗುನುಗು ಏಳುತ್ತಿತ್ತು, ಆಮೇಲೆ ಹಾಡು ಮುಂದುವರಿಯುತ್ತಿತ್ತು.

೧೯೬೪ರಲ್ಲಿ ಅದು ಮೊದಲ ಬಾರಿ ರೆಕಾರ್ಡ್ ಆಯಿತು. ಸ್ಟುಡಿಯೋದವನು ಆ ಮೌನವಿದ್ದ ಟೇಪಿನ ತುಂಡನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಉಳಿದದ್ದನ್ನು ಅಂಟಿಸಿದ.

“ಪದ ಮರೆತ್ರಿ ಅಲ್ವಾ? ಪರವಾಗಿಲ್ಲ, ಸರಿ ಮಾಡಿದೀನಿ.”

“ಮರೀಲಿಲ್ಲ ಸಾರ್. ಕಾಯ್ತಿದ್ದೆ.”

“ಯಾರಿಗೆ? ಇಲ್ಲಿ ಯಾರಿದಾರೆ?”

ಎರಡು ವರ್ಷದ ನಂತರ ಷಿಕಾಗೋದ ಗಾಯಕನೊಬ್ಬ ಅದನ್ನೇ ಕಹಳೆಗಳೊಂದಿಗೆ ಹಾಡಿದ. ಆಮೇಲೆ ಡೆಟ್ರಾಯಿಟಿನ ಹೆಣ್ಣುಮಗಳೊಬ್ಬಳು ಪಿಟೀಲುಗಳೊಂದಿಗೆ ಹಾಡಿದಳು. ಇಬ್ಬರೂ ಕಲಿತದ್ದು ಕತ್ತರಿಸಿದ ಹಾಡನ್ನು. ಇಬ್ಬರೂ ಆ ಜಾಗವನ್ನು ಹಾರಿಕೊಂಡೇ ಹೋದರು.

ಕೆಲಸದಲ್ಲಿ ಪಕ್ಕದ ಇಸ್ತ್ರಿ ಯಂತ್ರದ ಆರ್ಡೆಲಾ ಛೇಡಿಸುತ್ತಿದ್ದಳು. “ನಿನ್ನ ಹಾಡು ದೇಶವೆಲ್ಲ ಓಡ್ತಿದೆ. ನೀನ್ಯಾಕೆ ಮುಖ ಊದಿಸ್ಕೊಂಡಿದೀಯೇ?”

“ಓಡ್ತಿದೆ ಕಣೇ, ಅದೇ ಸಂಕಟ. ಕಾಯೋ ಹೆಂಗಸು ಎಲ್ಲಾದ್ರೂ ಓಡ್ತಾಳಾ?”

ಒಂದೇ ಒಂದು ಸಲ ತನ್ನ ಹಾಡು ನಿಂತು ಕಾಯುವುದನ್ನು ರೇಡಿಯೋದಲ್ಲಿ ಕೇಳಬೇಕು. ಅವಳಿಗೆ ಬೇಕಾಗಿದ್ದು ಅಷ್ಟೇ.

೧೯೭೩ರಲ್ಲಿ ಇನ್ನೊಂದು ರೆಕಾರ್ಡ್ ಕಂಪನಿಯ ಲಾಯ್ಡೆಲ್ ಎಂಬವನು ಅವಳನ್ನು ಹುಡುಕಿಕೊಂಡು ಬಂದ. ನಮ್ಮ ಊಟದ ಕೋಣೆಯಲ್ಲಾದರೆ ಹಾಡುತ್ತೇನೆ, ನಿಲ್ಲುವಲ್ಲಿ ನಿಲ್ಲುತ್ತೇನೆ ಎಂದಳು.

“ರೇಡಿಯೋ ಸುಮ್ಮನಾದ್ರೆ ಕೆಟ್ಟೋಯ್ತು ಅಂತ ಜನ ಬೇರೆ ಸ್ಟೇಷನ್ನಿಗೆ ತಿರುಗಿಸ್ತಾರಮ್ಮ. ಆ ಜಾಗ ಖಾಲಿ ಬಂದ್ರೆ ನಾನೂ ಕತ್ತರಿಸ್ತೀನಿ.”

“ಖಾಲಿ ಬಂದ್ರೆ ಕತ್ತರಿಸಿ.”

ಶನಿವಾರ ಅರವತ್ತು ಜನ ಸೇರಿದೆವು. ವರ್ಲೀನ್ ಒಳಗೆ ಏಪ್ರನ್ ಬಿಚ್ಚುತ್ತಿದ್ದಾಗ ಲಾಯ್ಡೆಲ್ ಅಭ್ಯಾಸಬಲದಿಂದ ಎಲ್ಲರಿಗೂ ತಾಕೀತು ಮಾಡಿದ: ರೆಕಾರ್ಡಿಂಗಿನ ಕೆಂಪು ದೀಪ ಆರುವವರೆಗೆ ಯಾರೂ ಉಸಿರೆತ್ತಬಾರದು. ನಾವು ವಿಧೇಯರಾಗಿ ಕೂತೆವು. ಬಾಣಲೆಯ ಒಲೆಯನ್ನೂ ಆರಿಸಿದೆವು.

ಅವಳು ಹಾಡಿದಳು. ‘ನೀನು ಬರುವೆಯಾ?’ ಎಂದು ಕೇಳಿ ನಿಂತಳು.

ಯಾರೂ ಮಿಸುಕಲಿಲ್ಲ. ಒಂದು ಸೆಕೆಂಡು ಹೋಯಿತು. ವರ್ಲೀನ್ ನಮ್ಮತ್ತ ನೋಡಿದಳು. ಕೆಂಪು ದೀಪ ಉರಿಯುತ್ತಲೇ ಇತ್ತು. ಬಾಯಿ ತೆರೆಯುವ ಧೈರ್ಯ ನನಗೂ ಆಗಲಿಲ್ಲ.

ಮುಂದಿನ ಬೆಂಚಿನಲ್ಲಿ ಬಿಳಿ ಟೋಪಿಯ ಹಿರಿಯಳು, ಚರ್ಚಿನವರೆಲ್ಲ ಮದರ್ ಎಂದು ಕರೆಯುವ ಪರ್ಮೀಲಿಯಾ ಕೂತಿದ್ದಳು. ಎಂಬತ್ತಮೂರು ವರ್ಷ. ಅವಳು ಕೋಲಿನಿಂದ ನೆಲ ಕುಟ್ಟಿದಳು.

“ನಿಧಾನ ಮಗಳೇ, ನಿಧಾನ. ನಾವಿದೀವಿ.”

ಅಷ್ಟೇ ಸಾಕಾಯಿತು. ಅರವತ್ತು ಎದೆಗಳಿಂದ ಗುನುಗು ಒಟ್ಟಿಗೆ ಎದ್ದಿತು. ವರ್ಲೀನ್ ಅದರ ಮೇಲೆ ಹತ್ತಿ ನಿಂತು ಕೊನೆಯ ಸಾಲುಗಳನ್ನು ಹಾಡಿದ ರೀತಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ದೀಪ ಆರಿತು. ಲಾಯ್ಡೆಲ್ ಹಣೆ ಒರೆಸಿಕೊಂಡ. “ಮದರ್, ಸದ್ದು ಮಾಡ್ಬೇಡಿ ಅಂದಿದ್ದೆನಲ್ಲ!”

“ನೀನಂದೆ ಅಂತ ಮೀನು ಕರಿಯೋದು ನಿಲ್ಸಿದ್ವಿ. ಬಾಯಿನೂ ನಿಲ್ಲಿಸ್ಬೇಕಿತ್ತೇನೋ?”

ಅವನು ನಕ್ಕ. ಬ್ಲೇಡನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ.

ಆ ರೆಕಾರ್ಡು ಹಳೆಯ ಮೂರನ್ನೂ ಹಿಂದೆ ಹಾಕಿತು. ಅಲ್ಲಿಂದಾಚೆ ಆ ಹಾಡನ್ನು ಹಾಡಿದವರೆಲ್ಲ, ವರ್ಲೀನಳನ್ನು ಕಾಣದವರೂ, ಅಲ್ಲಿ ನಿಂತೇ ಮುಂದೆ ಹೋದರು.

ರೇಡಿಯೋದಲ್ಲಿ ಅದು ಮೊದಲು ಬಂದದ್ದು ಒಂದು ಮಂಗಳವಾರ, ಬಟ್ಟೆ ಒಗೆಯುವ ಮನೆಯಲ್ಲಿ ಕೆಲಸದ ನಡುವೆ. ‘ನೀನು ಬರುವೆಯಾ?’ ಎಂದು ಹಾಡು ನಿಲ್ಲುತ್ತಲೇ ಆರ್ಡೆಲಾ ಉಗಿಯ ಹಿಡಿಕೆ ಕೆಳಗೆಳೆದು ಯಂತ್ರ ನಿಲ್ಲಿಸಿದಳಂತೆ. ಅವಳನ್ನು ನೋಡಿ ಅಲ್ಲಿದ್ದ ಹದಿನಾಲ್ಕು ಹೆಂಗಸರೂ ನಿಲ್ಲಿಸಿದರಂತೆ. ಒದ್ದೆ ಬಟ್ಟೆಗಳ ನಡುವೆ ನಿಂತು ಅವರು ರೇಡಿಯೋದೊಂದಿಗೆ ಗುನುಗಿದರು. ವರ್ಲೀನ್ ಮಾತ್ರ ಕೇಳುತ್ತ ನಿಂತಳು. ಅವಳ ಸರದಿ ಮುಗಿದಿತ್ತು.