ಯೂಸ್ಟೇಸ್ ಮಲಗಿ ನೋಡಿದ ಪೆಟ್ಟಿಗೆಗಳು

ಮಂಗಳೂರಿನ ಪಡೀಲಿನಲ್ಲಿ ಶವಪೆಟ್ಟಿಗೆ ಮಾಡುವ ಯೂಸ್ಟೇಸ್ ಪಿರೇರಾನಿಗೆ ಅರವತ್ತೆರಡು ವರ್ಷ. ಕಳೆದ ಮೂವತ್ತೆಂಟು ವರ್ಷಗಳಲ್ಲಿ ಅವನು ಮಾಡಿದ ಒಂದೇ ಒಂದು ಪೆಟ್ಟಿಗೆಯ ತಳ ಕಳಚಿ ಬಿದ್ದದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ಈಗ ಊರಿನವರೆಲ್ಲ ಬೇರೇನನ್ನೋ ನಂಬಿಕೊಂಡು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ.

ಯೂಸ್ಟೇಸನ ಕೆಲಸದಲ್ಲಿ ಒಂದು ಕ್ರಮವಿತ್ತು. ಅಪ್ಪನಿಂದ ಬಂದದ್ದು. ಹಲಗೆ ಜೋಡಿಸಿ ಮುಗಿದ ಮೇಲೆ, ಒಳಗೆ ಬಿಳಿ ಬಟ್ಟೆ ಹೊಡೆಯುವ ಮೊದಲು, ಅವನು ಅಂಗಡಿಯ ಬಾಗಿಲು ಎಳೆದುಕೊಂಡು, ಕಾಲು ತೊಳೆದು, ಅಂಗಿ ಕಳಚಿ ಪೆಟ್ಟಿಗೆಯೊಳಗೆ ಮಲಗುತ್ತಿದ್ದ. ಎದೆಯ ಮೇಲೆ ಕೈಯಿಟ್ಟು ಒಂದು ‘ನಮಾನ್ ಮೊರಿಯೆ’ ಪ್ರಾರ್ಥನೆ ಹೇಳಿ ಮುಗಿಸುವಷ್ಟು ಹೊತ್ತು. ಗಿಡ್ಡ ಪೆಟ್ಟಿಗೆಯಾದರೆ ಮಂಡಿ ಮಡಚುತ್ತಿದ್ದ. ಮಗುವಿನದಾದರೆ ಒಳಗೆ ಬಗ್ಗಿ ಹಲಗೆಗೆ ಕೆನ್ನೆ ಒತ್ತುತ್ತಿದ್ದ. ಹೆಂಡತಿ ಲಿಲ್ಲಿಯನ್ನು ಬಿಟ್ಟು ಇದು ಯಾರಿಗೂ ಗೊತ್ತಿರಲಿಲ್ಲ.

ಗೊತ್ತು ಮಾಡಿಸಿದ್ದು ಅವನೇ. ಅದೇ ಅವನು ಮಾಡಿದ ತಪ್ಪು.

ಹೋದ ವರ್ಷ ಸಿನಿಮಾ ಕಂಪೆನಿಗಳಿಗೆ ಜಾಗ ಹುಡುಕಿಕೊಡುವ ಕಾವೂರಿನ ರಂಜಿತ್, ಮುಂಬೈಯ ಒಬ್ಬ ನಿರ್ದೇಶಕನನ್ನು ಅಂಗಡಿಗೆ ಕರೆತಂದ. ಹಿಂದಿ ಸಿನಿಮಾ, ಕೊಲೆ, ಕಳ್ಳಸಾಗಣೆ, ನಡುವೆ ನಗು. ಅದಕ್ಕೆ ಒಂದು ವಾರ ಅಂಗಡಿ ಬೇಕು, ಎರಡು ಪೆಟ್ಟಿಗೆ ಬೇಕು. ನಿರ್ದೇಶಕ ಸ್ಟೂಲಿನ ಮೇಲೆ ಕೂತು ಲಿಲ್ಲಿ ಕೊಟ್ಟ ಚಹಾ ಕುಡಿದ. ಆಮೇಲೆ ಕೈ ಮುಗಿದು ಕೇಳಿದ. ರಂಜಿತ್ ಅದನ್ನು ಕನ್ನಡದಲ್ಲಿ ಹೇಳಿದ: “ನಿಮ್ಮ ಕೆಲಸದಲ್ಲಿ ಯಾರಿಗೂ ಗೊತ್ತಿಲ್ಲದ್ದು ಎಂತಾದರೂ ಉಂಟಾ ಅಂತ ಕೇಳ್ತಾರೆ ಯೂಸ್ಟೇಸಣ್ಣ.”

ಯೂಸ್ಟೇಸನನ್ನು ಜನ್ಮದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಬಂದವರೆಲ್ಲ ಕೇಳುವುದು ಎಷ್ಟು ಹೊತ್ತಿಗೆ ಆಗುತ್ತದೆ ಎಂದು ಮಾತ್ರ. ಪಾಪ, ಅವನ ಎದೆ ಉಬ್ಬಿತು. ಮಲಗಿ ನೋಡುವ ವಿಷಯ ಹೇಳಿಬಿಟ್ಟ. ನಿರ್ದೇಶಕನ ಕಣ್ಣು ಒದ್ದೆಯಾಯಿತು. “ಬ್ಯೂಟಿಫುಲ್” ಎಂದು ಪುಸ್ತಕದಲ್ಲಿ ಬರೆದುಕೊಂಡ. ಏಕೆ ಮಲಗುತ್ತೀರಿ ಎಂದು ಮಾತ್ರ ಕೇಳಲಿಲ್ಲ.

ಶೂಟಿಂಗ್ ನಡೆದ ವಾರ ಯೂಸ್ಟೇಸನನ್ನು ಮನೆಯಲ್ಲೇ ಇರಲು ಹೇಳಿದರು. ಅವನ ಏಪ್ರನ್, ಚಪ್ಪಲಿ, ಕನ್ನಡಕ ಕೇಳಿ ತೆಗೆದುಕೊಂಡು ಹೋದರು. ಮುಗಿದ ಮೇಲೆ ಬಂದು ನೋಡಿದರೆ ಒಂದು ಪೆಟ್ಟಿಗೆಯ ತಳವನ್ನು ಗರಗಸದಲ್ಲಿ ಕೊಯ್ದು ಕೀಲು ಕೂರಿಸಿದ್ದರು.

“ಇದೆಂತ ಮಾರಾಯ?” ಎಂದು ರಂಜಿತನನ್ನು ಕೇಳಿದ.

“ಅದು ಟೆಕ್ನಿಕಲ್ ವಿಷಯ ಯೂಸ್ಟೇಸಣ್ಣ. ನೀವು ತಲೆಬಿಸಿ ಮಾಡ್ಬೇಡಿ.”

ಈ ವರ್ಷ ಸಿನಿಮಾ ಬಂತು. ಲಿಲ್ಲಿ ಮಗಳ ಮದುವೆಗೆಂದು ಕೊಂಡಿದ್ದ ಸೀರೆ ಉಟ್ಟಳು. ಅಕ್ಕಪಕ್ಕದವರನ್ನೂ ಕರೆದುಕೊಂಡು ಮಾಲ್‌ಗೆ ಹೋದರು. ಪರದೆಯ ಮೇಲೆ ಪಡೀಲಿನ ರೈಲ್ವೆ ಸೇತುವೆ ಕಂಡಿತು. ಕೆಳಗೆ ‘ಗೋವಾ’ ಎಂಬ ಅಕ್ಷರ. ಇರಲಿ, ಅದನ್ನಾದರೂ ಕ್ಷಮಿಸಬಹುದು. ಆಮೇಲೆ ಯೂಸ್ಟೇಸನ ಅಂಗಡಿ ಕಂಡಿತು, ಅವನ ಹೆಸರಿನ ಬೋರ್ಡು ಸಮೇತ. ಒಳಗೆ ಅವನದೇ ಏಪ್ರನ್ ಕಟ್ಟಿಕೊಂಡ ಒಬ್ಬ ಮುದುಕ. ಕೈಯಲ್ಲಿ ಬಾಟಲಿ. ಹಿಂದಿ ಸಿನಿಮಾದಲ್ಲಿ ಕ್ರಿಶ್ಚಿಯನ್ ಎಂದರೆ ಕೈಯಲ್ಲಿ ಬಾಟಲಿ ಇರಲೇಬೇಕು, ಅದಿಲ್ಲದಿದ್ದರೆ ಅವರಿಗೆ ನಮ್ಮ ಗುರುತೇ ಹತ್ತುವುದಿಲ್ಲ! ಕ್ರಿಸ್ಮಸ್ ದಿನವೂ ವೈನ್ ಮುಟ್ಟದ ಯೂಸ್ಟೇಸ್ ಸೀಟಿನಲ್ಲಿ ಕಲ್ಲಾಗಿ ಕೂತ.

ಆ ಮುದುಕ ಪೆಟ್ಟಿಗೆ ಮಾಡುತ್ತಾನೆ, ಅದರಲ್ಲೇ ಮಲಗಿ ಗೊರಕೆ ಹೊಡೆಯುತ್ತಾನೆ. ಕಳ್ಳರು ಹೆಣವೆಂದುಕೊಂಡು ಅವನನ್ನೇ ಚಿನ್ನದ ಜೊತೆ ಒಳಗಿಟ್ಟು ಮೊಳೆ ಹೊಡೆದು ಸಾಗಿಸುತ್ತಾರೆ. ಇಗರ್ಜಿಯ ಮೆಟ್ಟಿಲ ಮೇಲೆ ಪೆಟ್ಟಿಗೆಯ ತಳ ಕಳಚುತ್ತದೆ. ಮುದುಕ ಉರುಳಿ ಉರುಳಿ ಕೆಳಗೆ ಬೀಳುತ್ತಾನೆ, ಬಾಟಲಿ ಮಾತ್ರ ಒಡೆಯುವುದಿಲ್ಲ. ಥಿಯೇಟರಿಗೆ ಥಿಯೇಟರೇ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನಿಂದ ಸಿಳ್ಳೆ ಬಂತು. ಲಿಲ್ಲಿ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಪತ್ರಿಕೆಗಳು ಹೊಗಳಿದ್ದೇ ಹೊಗಳಿದ್ದು. ಧೈರ್ಯದ ಚಿತ್ರವಂತೆ, ಸಾವನ್ನು ನೋಡಿ ನಗುವುದನ್ನು ಕಲಿಸುತ್ತದಂತೆ. ಪೆಟ್ಟಿಗೆಯಲ್ಲಿ ಮಲಗುವ ಮುದುಕನ ಕಲ್ಪನೆ ಎಲ್ಲಿಂದ ಬಂತು ಎಂದು ಯಾರೋ ಕೇಳಿದ್ದಕ್ಕೆ ನಿರ್ದೇಶಕ “ಕನಸಿನಲ್ಲಿ ಬಂತು” ಎಂದನಂತೆ. ಕನಸಂತೆ! ಲಿಲ್ಲಿಯ ಚಹಾವನ್ನು ಎರಡು ಲೋಟ ಕುಡಿದದ್ದೂ ಕನಸಿನಲ್ಲಿಯೇ ಇರಬೇಕು.

ಮೂರನೆಯ ವಾರ ಚಿತ್ರತಂಡ ಮತ್ತೆ ಮಂಗಳೂರಿಗೆ ಬಂತು. ಸನ್ಮಾನವಿದೆ ಬನ್ನಿ ಎಂದು ರಂಜಿತ್ ಫೋನು ಮಾಡಿದ. ಯೂಸ್ಟೇಸ್ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೋದ. ಸನ್ಮಾನಕ್ಕಲ್ಲ. ನಿರ್ದೇಶಕ ತಬ್ಬಿಕೊಂಡು ಮೈಕು ಕೊಟ್ಟ. ಯೂಸ್ಟೇಸ್ ನೆಟ್ಟಗೆ ನಿಂತು ಹೇಳಿದ: “ನಾನು ಕುಡಿಯುವುದಿಲ್ಲ. ನನ್ನ ಪೆಟ್ಟಿಗೆಯ ತಳ ಬೀಳುವುದಿಲ್ಲ. ಗರಗಸದಲ್ಲಿ ಕೊಯ್ದದ್ದು ನೀವು. ನಾನು ಒಳಗೆ ಮಲಗುವುದು ನಿದ್ದೆ ಮಾಡಲಿಕ್ಕಲ್ಲ.”

ಸಭೆ ಗೊಳ್ಳೆಂದಿತು. ಇದೂ ಸಿನಿಮಾದ್ದೇ ಡೈಲಾಗು ಎಂದುಕೊಂಡರು. ರಂಜಿತ್ ಅನುವಾದ ಮಾಡುವ ಮೊದಲೇ ನಿರ್ದೇಶಕನೂ ನಕ್ಕ. ನಾಲ್ಕು ಜನ ಸೇರಿ ಶಾಲು ಹೊದೆಸಿದರು. ಯೂಸ್ಟೇಸ್ ಆ ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಬಸ್ಸು ಹತ್ತಿದ.

ಅಲ್ಲಿಗೂ ಮುಗಿಯಲಿಲ್ಲ. ಅಂಗಡಿಯ ಮುಂದೆ ಬೈಕು ನಿಲ್ಲಿಸಿ ಬೋರ್ಡಿನ ಜೊತೆ ಸೆಲ್ಫಿ ತೆಗೆಯುವವರು ಶುರುವಾದರು. “ಅಂಕಲ್, ಒಮ್ಮೆ ಮಲಗಿ ತೋರಿಸಿ” ಎಂದು ಕೇಳುವವರು. ಪೆಟ್ಟಿಗೆ ಕೇಳಲು ಮಾತ್ರ ಒಬ್ಬರೂ ಬರಲಿಲ್ಲ. ಎದುರು ಮನೆಯವರು ಅಜ್ಜಿ ತೀರಿಹೋದಾಗ ಬೇರೆ ಊರಿನಿಂದ ಪೆಟ್ಟಿಗೆ ತರಿಸಿದರು. ಅದು ಇವನ ಕಣ್ಣೆದುರೇ ವ್ಯಾನಿನಿಂದ ಇಳಿಯಿತು. ತಮ್ಮವರನ್ನು ನಗೆಪಾಟಲಿನ ಪೆಟ್ಟಿಗೆಯಲ್ಲಿ ಕಳುಹಿಸಲು ಯಾರಿಗೆ ಮನಸ್ಸು ಬಂದೀತು? ಈ ಊರು ಸತ್ತವರನ್ನು ಇನ್ನು ತನ್ನ ಕೈಗೆ ಒಪ್ಪಿಸುವುದಿಲ್ಲ ಎಂದು ಅವನಿಗೆ ಖಾತ್ರಿಯಾಗುತ್ತಾ ಬಂತು.

ಐದನೆಯ ವಾರ ಒಂದು ಬೆಳಿಗ್ಗೆ ನರ್ಸ್ ಶರೊನ್ ಬಂದಳು. ಅವಳ ತಂದೆ, ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ವಿಲ್ಲಿ ಮಾಸ್ತರರು, ತೀರಿಹೋಗಿದ್ದರು. ಆರು ವರ್ಷದ ಹಿಂದೆ ಅವಳ ತಾಯಿಗೂ ಯೂಸ್ಟೇಸನೇ ಪೆಟ್ಟಿಗೆ ಮಾಡಿದ್ದ. ಅವನು ಅಳತೆ ಕೇಳಿ ಕೆಲಸಕ್ಕೆ ಕೂತ. ಒಂದೊಂದು ಮೊಳೆಗೂ ಆ ನಿರ್ದೇಶಕನ ಮುಖ ನೆನಪಾಗುತ್ತಿತ್ತು, ಸುತ್ತಿಗೆ ಬೇಕಾದ್ದಕ್ಕಿಂತ ಜೋರಾಗಿಯೇ ಬೀಳುತ್ತಿತ್ತು.

ಮಧ್ಯಾಹ್ನ ಶರೊನ್ ಮತ್ತೆ ಬಂದಾಗ ಅವನು ಬಿಳಿ ಬಟ್ಟೆ ಕತ್ತರಿಸುತ್ತಿದ್ದ.

“ಅಂಕಲ್, ಒಂದು ಕೇಳ್ಲಿಕ್ಕೆ ಉಂಟು. ಸಿನಿಮಾದಲ್ಲಿ ತೋರಿಸಿದ್ದು... ನೀವು ಸತ್ಯಕ್ಕೂ ಒಳಗೆ ಮಲಗ್ತೀರಾ?”

“ಮಲಗ್ತೇನೆ.”

“ಮಮ್ಮಿಯ ಪೆಟ್ಟಿಗೆಯಲ್ಲಿ ಕೂಡ?”

“ಮಮ್ಮಿಯದ್ರಲ್ಲಿ ಕೂಡ.” ಇನ್ನು ಬೈಗುಳವೋ ನಗುವೋ ಎಂದು ಅವನು ಕತ್ತರಿ ಕೆಳಗಿಟ್ಟು ಕಾದ.

“ಎಂತಕ್ಕೆ?” ಎಂದಳು ಶರೊನ್.

ಇಡೀ ದೇಶ ನಕ್ಕಿತ್ತು, ಈ ಒಂದು ಪದ ಯಾರ ಬಾಯಿಯಿಂದಲೂ ಬಂದಿರಲಿಲ್ಲ.

“ನನ್ನ ಅಪ್ಪ ಒಮ್ಮೆ ಒಬ್ಬ ಬಾಣಂತಿಗೆ ಪೆಟ್ಟಿಗೆ ಮಾಡಿದ್ದ. ಇಗರ್ಜಿಯಲ್ಲಿ ಮುಚ್ಚಳ ತೆಗೆದಾಗ ಅವಳ ಭುಜದ ಹತ್ತಿರ ಸೀರೆ ಹರಿದಿತ್ತು. ಮೊಳೆ ಒಳಗೆ ಬಂದಿತ್ತು. ಬದುಕಿದವರಿಗೆ ಚುಚ್ಚಿದ್ರೆ ಎದ್ದು ಬೈತಾರೆ ಮಗಾ. ಅವರು ಯಾರಿಗೆ ಹೇಳ್ಬೇಕು? ಅದಕ್ಕೇ, ಮೊದಲು ನಮಗೆ ಚುಚ್ಚಲಿ ಅಂತ.”

ಶರೊನ್ ಪೆಟ್ಟಿಗೆಯನ್ನು ನೋಡಿದಳು. “ಡ್ಯಾಡಿಯದ್ರಲ್ಲಿ ಮಲಗಿ ನೋಡಿದ್ರಾ?”

ಅವನು ಮುಖ ತಿರುಗಿಸಿದ. “ಇಲ್ಲ. ಆ ಸಿನಿಮಾ ಬಂದ ಮೇಲೆ ನನಗೆ ನಾಚಿಕೆ ಆಗ್ತದೆ. ಅಷ್ಟು ಕೂಡ ತಕ್ಕೊಂಡು ಹೋದ್ರು ಅವರು.”

ಅವಳು ಚಪ್ಪಲಿ ಕಳಚಿಟ್ಟು, ದುಪಟ್ಟಾವನ್ನು ಸ್ಟೂಲಿನ ಮೇಲೆ ಹಾಕಿ, ಪೆಟ್ಟಿಗೆಯೊಳಗೆ ಕಾಲಿಟ್ಟು ಬರಿ ಹಲಗೆಯ ಮೇಲೆ ಮಲಗಿದಳು. ಯೂಸ್ಟೇಸ್ ತಡೆಯಲು ಕೈ ಎತ್ತಿದವನು ಹಾಗೆಯೇ ನಿಂತ. ಆಮೇಲೆ ಸಣ್ಣ ದನಿಯಲ್ಲಿ ನಮಾನ್ ಮೊರಿಯೆ ಶುರುಮಾಡಿದ. ಅರ್ಧಕ್ಕೂ ಬಂದಿರಲಿಲ್ಲ.

“ಅಂಕಲ್, ಎಡ ಭುಜದ ಕೆಳಗೆ ಎಂತದೋ ಚುಚ್ಚುತ್ತದೆ.”

ಅವನು ಬಗ್ಗಿ ಬೆರಳಾಡಿಸಿದ. ಸಿಟ್ಟಿನಲ್ಲಿ ಹೊಡೆದ ಮೊಳೆ, ಓರೆಯಾಗಿ ತುದಿ ಒಳಗೆ ಬಂದಿತ್ತು. ಮೂವತ್ತೆಂಟು ವರ್ಷಗಳಲ್ಲಿ ತಿದ್ದದೆ ಹೊರಗೆ ಹೋಗಲಿದ್ದ ಮೊದಲನೆಯ ಮೊಳೆ. ಅವನು ಅವಳ ಕೈ ಹಿಡಿದು ಎಬ್ಬಿಸಿದ, ಇಕ್ಕಳ ತಂದು ಮೊಳೆಯನ್ನು ಕಿತ್ತ, ಆ ಜಾಗವನ್ನು ಉಜ್ಜಿ ನುಣುಪು ಮಾಡಿದ.

ಆಮೇಲೆ ಕಾಲು ತೊಳೆದು ಬಂದು ಅಂಗಿ ಕಳಚಿದ. ಬಾಗಿಲು ಎಳೆಯಲು ಶರೊನ್ ಹೊರಟಳು. ಹೊರಗೆ ಬೈಕಿನ ಮೇಲೆ ಕೂತ ಇಬ್ಬರು ಆಗಲೇ ಮೊಬೈಲ್ ಎತ್ತಿ ಹಿಡಿದಿದ್ದರು.

“ಬೇಡ, ತೆರೆದೇ ಇರಲಿ” ಎಂದ ಯೂಸ್ಟೇಸ್. ವಿಲ್ಲಿ ಮಾಸ್ತರರ ಪೆಟ್ಟಿಗೆಯಲ್ಲಿ ಮಲಗಿ, ಎದೆಯ ಮೇಲೆ ಕೈಯಿಟ್ಟು, ಪ್ರಾರ್ಥನೆಯನ್ನು ಮೊದಲಿನಿಂದ ಹೇಳತೊಡಗಿದ.